ನೆಸ್ಟಾಳ ಅಂಗಡಿಯ ಮುಂದಿನ ಸಾಲು

ಅಮ್ಮನನ್ನು ಮಣ್ಣು ಮಾಡಿ, ಬಂದವರಿಗೆಲ್ಲ ಊರಿನ ಪುಟ್ಟ ಚರ್ಚಾದ ಚಾಪೆಲ್‌ನಲ್ಲಿ ಚಹಾ ಕೊಟ್ಟು ಕಳಿಸಿ, ಗ್ವಿಲಿಮ್ ಮಗಳು ಮಾಬ್ಲಿಯ ಜೊತೆ ಅಂಗಡಿಯ ಹತ್ತಿರ ಬಂದಾಗ ಬಾಗಿಲ ಮುಂದೆ ಜನ ಸಾಲುಗಟ್ಟಿ ನಿಂತಿದ್ದರು. ಎಲ್ಲರೂ ಇನ್ನೂ ಕಪ್ಪು ಬಟ್ಟೆಯಲ್ಲೇ ಇದ್ದರು. ಆಗಷ್ಟೇ ಸ್ಮಶಾನದಲ್ಲಿ ಅವನ ಕೈ ಹಿಡಿದು ಸಮಾಧಾನ ಹೇಳಿದವರೇ.

"ಅಂಗಡಿ ಇಲ್ಲ ಇವತ್ತು," ಎಂದ ಗ್ವಿಲಿಮ್. "ಈಗ ತಾನೇ ಅಮ್ಮನ್ನ ಮಣ್ಣು ಮಾಡಿ ಬಂದಿದೀವಿ."

"ಗೊತ್ತಪ್ಪ. ಹೆಗಲು ಕೊಟ್ಟವನು ನಾನೇ ಅಲ್ವಾ?" ಎಂದ ಸಾಲಿನ ಮೊದಲಿಗೆ ನಿಂತಿದ್ದ ಮುದುಕ ಇದ್ರಿಸ್. "ಶುಕ್ರವಾರ ಸಂಜೆ ಐದಾಯ್ತು. ಕಾಲು ತಾನಾಗೇ ಇಲ್ಲಿಗೆ ಬಂತು."

ವೇಲ್ಸ್‌ನ ಆ ಕಲ್ಲುಗಣಿಯ ಊರಲ್ಲಿ ಅವನ ಅಮ್ಮ ನೆಸ್ಟಾ ಪ್ಯಾರಿ ಮೀನು, ಆಲೂಗಡ್ಡೆ ಕರಿದು ಮಾರುತ್ತಿದ್ದ ಅಂಗಡಿ ಅದು. ಗಂಡ ಗಣಿಯಲ್ಲಿ ಸತ್ತ ವರ್ಷ ಶುರು ಮಾಡಿದ್ದಳು. ಸಾಯುವ ಹಿಂದಿನ ಸಂಜೆಯೂ ಬಾಣಲೆಯ ಮುಂದೆ ನಿಂತು, ನಾಳೆಯ ಆಲೂಗಡ್ಡೆ ಸಿಪ್ಪೆ ಬಿಡಿಸಿಟ್ಟೇ ಮಲಗಿದ್ದಳು. ಗ್ವಿಲಿಮ್‌ಗೆ ಇಂಗ್ಲೆಂಡಿನ ಚೆಸ್ಟರ್‌ನಲ್ಲಿ ಕಚೇರಿ ಕೆಲಸ. ಅಂಗಡಿ ಕೊಂಡು, ಅದನ್ನು ಒಡೆದು ಪ್ರವಾಸಿಗರಿಗೆ ಕೋಣೆ ಕಟ್ಟುತ್ತೇನೆಂದವನಿಗೆ ಸೋಮವಾರ ಕೀಲಿ ಕೊಡುವುದೆಂದು ಮಾತಾಗಿತ್ತು. ಎರಡು ವರ್ಷದಿಂದ ಅಜ್ಜಿಯ ಪಕ್ಕದಲ್ಲೇ ನಿಂತು ದುಡಿದ ಮಾಬ್ಲಿಯನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಅವಳೂ ಬಾಯಿ ಬಿಟ್ಟಿರಲಿಲ್ಲ.

"ಮೀನು ಬಂದಿದೆ ಅಪ್ಪ," ಎಂದಳು ಈಗ, ಮೆಲ್ಲಗೆ. "ಬೇಡ ಅನ್ನೋಕೆ ಯಾರಿಗೂ ನೆನಪಾಗಲಿಲ್ಲ. ಬೆಳಗ್ಗೆ ಹಿಂಬಾಗಿಲ ಹತ್ರ ಇಳಿಸಿ ಹೋಗಿದಾರೆ. ಐಸ್ ಹಾಕಿಟ್ಟಿದೀನಿ."

"ಯಾರಿಗಾದ್ರೂ ಕೊಟ್ಟರಾಯ್ತು." ಗ್ವಿಲಿಮ್ ಸಾಲಿನ ಕಡೆ ತಿರುಗಿದ. "ಇವತ್ತೊಂದು ದಿನ ಆದ್ರೂ ನಮ್ಮ ಪಾಡಿಗೆ ಬಿಡಿ. ನನ್ನ ಬಾಲ್ಯ ಎಲ್ಲಾ ಈ ಸಾಲೇ ತಿಂದುಹಾಕ್ತು."

ಇದ್ರಿಸ್ ಕದಲಲಿಲ್ಲ. "ಚಾಪೆಲ್‌ನಲ್ಲೂ ಹೀಗೇ ಅಂದೆ. ಚಿಕ್ಕವನಿದ್ದಾಗ ಅಮ್ಮ ಒಂದು ಸಲನೂ ನನ್ನ ಹಾಡು ಕೇಳೋಕೆ ಬರಲಿಲ್ಲ ಅಂತ. ತಮಾಷೆ ಥರ ಅಂದೆ, ಎಲ್ಲಾ ನಕ್ಕರು. ನಂಗೆ ನಗು ಬರಲಿಲ್ಲ."

"ಇದ್ದದ್ದೇ ಹೇಳಿದೆ."

"ಇಲ್ಲ ಕಣಪ್ಪ. ಹಾಡಿನ ಸ್ಪರ್ಧೆ ನಡೀತಿದ್ದ ಭವನದ ಬೀಗದ ಕೈ ನನ್ನ ಹತ್ರ ಇರ್ತಿತ್ತು. ಹಿಂಬಾಗಿಲು ತೆಗೆದು ಅವಳನ್ನ ಒಳಗೆ ಬಿಡ್ತಿದ್ದವನು ನಾನು. ಏಪ್ರನ್ ಮೇಲೇ ಕೋಟು ಏರಿಸ್ಕೊಂಡು ಓಡಿ ಬರೋಳು. ಪರದೆ ಹಿಂದೆ ನಿಂತು ಕೇಳೋಳು. ನೀನು ಮುಗಿಸಿ ತಲೆ ಬಾಗಿಸೋ ಹೊತ್ತಿಗೆ ಅವಳು ಅರ್ಧ ಬೀದಿ ದಾಟಿರ್ತಿದ್ಲು."

"ಅಷ್ಟು ಹೊತ್ತೂ ನಾವಿಲ್ಲಿ ಕಾಯ್ತಿದ್ವಿ," ಎಂದಳು ಅವನ ಹಿಂದಿದ್ದ ಬೆಟಿ. "ಒಬ್ಬರೂ ಗೊಣಗ್ತಿರಲಿಲ್ಲ. ಒಂದ್ಸಲ ವಾಪಸ್ ಬಂದವಳು ನನಗೆ ಕೊಡಬೇಕಾದ ಮೀನನ್ನ ಕೈಯಲ್ಲೇ ಹಿಡ್ಕೊಂಡು, 'ಎರಡನೇ ಚರಣ ಎಷ್ಟು ಮೇಲಕ್ಕೆ ಎತ್ತಿದ ಗೊತ್ತಾ' ಅಂತ ಶುರು ಮಾಡಿದ್ಲು. ನನ್ನ ಮೀನು ತಣ್ಣಗಾಗಿಹೋಯ್ತು."

ಗ್ವಿಲಿಮ್ ಮತ್ತೆ ಇದ್ರಿಸ್ ಕಡೆ ತಿರುಗಿದ. "ನನಗ್ಯಾಕೆ ಹೇಳಲಿಲ್ಲ?"

"ಎಣ್ಣೆ ವಾಸನೆ ಹುಡುಗ ಅಂತ ಆಗಲೇ ನಿನ್ನ ಆಡ್ಕೊಳ್ತಿದ್ರಲ್ಲ," ಎಂದ ಇದ್ರಿಸ್. "ಅವಳು ಬಂದು ಮುಂದೆ ಕೂತ್ರೆ ಇನ್ನೂ ಜಾಸ್ತಿ ಆಗುತ್ತೆ ಅನ್ನೋ ಭಯ ಅವಳಿಗೆ. ನನ್ನ ಬಾಯಿಗೂ ಬೀಗ ಹಾಕಿದ್ಲು. ಇನ್ನು ಆ ಹಂಗಿಲ್ಲ ಅಂತ ಹೇಳ್ತಿದೀನಿ."

ಗ್ವಿಲಿಮ್ ಮುಖ ತಿರುಗಿಸಿ ಬಾಗಿಲಿನ ಬೀಗಕ್ಕೆ ಕೀಲಿ ಹಾಕಿದ. ಹಳೆಯ ಬೀಗ ಒಂದೇ ಸಲಕ್ಕೆ ತಿರುಗಲಿಲ್ಲ. ಮಾಬ್ಲಿ ಅವನ ಕೈ ಮೇಲೆ ಕೈಯಿಟ್ಟು ತಿರುಗಿಸಿದಳು. ಒಳಗೆ ಹೋಗಿ ದೀಪ ಹಾಕಿ, ಅವನು ಹೇಳುವ ಮೊದಲೇ ಒಲೆ ಹಚ್ಚಿದಳು.

"ಹಿಟ್ಟು ಕಲಸೋಕೆ ಬರುತ್ತೇನೇ ನಿಂಗೆ?"

"ಅಜ್ಜಿ ಬೈದೂ ಬೈದೂ ಕಲಿಸಿದಾಳೆ. ಹಿಟ್ಟು ತೆಳ್ಳಗಾದ್ರೆ ಮೀನಿಗೆ ಚಳಿ ಆಗುತ್ತೆ ಅನ್ನೋಳು."

ಗ್ವಿಲಿಮ್ ಕೋಟು ಕಳಚಿ, ಟೈಯನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು ಆಲೂಗಡ್ಡೆ ಹೆಚ್ಚಲು ನಿಂತ. ಮೊದಲು ಒಂದಷ್ಟು ಹೋಳು ದಪ್ಪ ದಪ್ಪ ಬಿದ್ದವು. ಆಮೇಲೆ ಕೈಗೆ ಹಳೆಯ ಓಟ ಬಂತು. ಎಣ್ಣೆ ಕಾಯುತ್ತಿದ್ದಂತೆ ಜನ ಒಳಗೆ ತುಂಬಿಕೊಂಡರು, ಬಾಯಿಗಳೂ ಬಿಚ್ಚಿಕೊಂಡವು. ಕರೆಂಟು ಹೋದ ಚಳಿಗಾಲದಲ್ಲಿ ಬೀದಿಯ ಮುದುಕರನ್ನೆಲ್ಲ ಕರೆದು ಈ ಒಲೆಯ ಪಕ್ಕ ಕೂರಿಸಿಕೊಂಡಿದ್ದಳಂತೆ ನೆಸ್ಟಾ. ಕಣ್ಣು ಮಂಜಾದ ಮೇಲೆ ಇದ್ರಿಸ್‌ಗೆ ಮುಳ್ಳು ತೆಗೆದೇ ಕೊಡುತ್ತಿದ್ದಳಂತೆ, ಜೊತೆಗೆ 'ಮದುವೆ ಆಗಿದ್ರೆ ಈ ಚಾಕರಿ ಹೆಂಡತಿ ಮಾಡ್ತಿದ್ಲು' ಎಂದು ಒಂದು ಮಾತಿನ ಏಟು. ಬೆಟಿ ಅವಳ ದನಿಯಲ್ಲೇ ಅದನ್ನು ಹೇಳಿ ತೋರಿಸಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವನು ಇದ್ರಿಸ್. ಗ್ವಿಲಿಮ್ ಹೆಚ್ಚುವುದನ್ನು ನಿಲ್ಲಿಸಿ, "ಆಮೇಲೆ?" ಎಂದು ಕೇಳುತ್ತಿದ್ದ.

ಕೊನೆಯಲ್ಲಿ ನಿಂತಿದ್ದವರು ಪಾದ್ರಿ ತುದುರ್. ಮಧ್ಯಾಹ್ನ ನೆಸ್ಟಾಳ ಆತ್ಮಕ್ಕೆ ಪ್ರಾರ್ಥನೆ ಹೇಳಿದವರು, ಈಗ ವಿನಿಗರ್ ಸ್ವಲ್ಪ ಜಾಸ್ತಿ ಹಾಕಲು ಹೇಳಿದರು. ಬಿಸಿ ಪೊಟ್ಟಣವನ್ನು ಎದೆಗವಚಿಕೊಂಡು ಬಾಗಿಲವರೆಗೆ ಹೋದವರು ನಿಂತರು.

"ನಾಳೆಯೂ ತೆಗೀತೀರಾ? ಶನಿವಾರ ನನಗೆ ಭಾನುವಾರದ ಉಪದೇಶ ಬರೆಯೋದೇ ಆಗುತ್ತೆ, ಅಡುಗೆಗೆ ಕೈ ಬಿಡುವಿರಲ್ಲ."

ಮಾಬ್ಲಿ ಒರೆಸುತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದು ಅಪ್ಪನ ಮುಖ ನೋಡಿದಳು. ಗ್ವಿಲಿಮ್ ಬಾಣಲೆಯಲ್ಲಿ ಉಳಿದ ಚೂರುಗಳನ್ನು ಜಾಲರಿಯಿಂದ ಎತ್ತಿ, ಎಣ್ಣೆ ಸೋರುವ ತನಕ ಕಾದ.

"ಹಿಂದೆ ಹೋಗಿ ನೋಡಮ್ಮ," ಎಂದ, "ಆಲೂಗಡ್ಡೆ ಎಷ್ಟು ಮೂಟೆ ಉಳಿದಿದೆ ಅಂತ."