ಬಂದವರಿಗೆ ಚಹಾ

“ಮನಿಗೆ ಬಂದವ್ರನ್ನ ಹಂಗ ಕಳಸೂದೇನವಾ?” ಎನ್ನುತ್ತ ದ್ಯಾಮವ್ವ ಸೋಫಾದಿಂದ ಎದ್ದೇಬಿಟ್ಟಳು. ಮಗಳು ರಾಜೇಶ್ವರಿ ಅಡ್ಡ ಬಂದಳು. “ಅವ್ವಾ, ನೀ ಕೂಡ್ರು. ನಾ ಮಾಡ್ತೀನಿ.” ಬೆಳಿಗ್ಗೆಯಿಂದ ಅವ್ವನಿಗೆ ಹೇಳಿಕೊಟ್ಟದ್ದು ಇದೊಂದನ್ನೇ, ಬಂದವರೆದುರು ಏಳಬೇಡ ಎಂದು. ದ್ಯಾಮವ್ವ ಆಗಲೇ ಸೆರಗು ಸಿಗಿಸಿಕೊಂಡು ಒಲೆಯ ಮುಂದೆ ನಿಂತಿದ್ದಳು.

ಬಂದವಳು ಅವ್ವ ಹಗಲು ಹೊತ್ತು ಕಳೆಯುವ ವೃದ್ಧರ ಡೇ ಸೆಂಟರಿನ ಪರಿಶೀಲಕಿ ಕ್ಲೇರ್. ಈ ವರ್ಷ ಬಜೆಟ್ ಬಿಗಿ. ತಮ್ಮನ್ನು ತಾವು ನೋಡಿಕೊಳ್ಳಬಲ್ಲವರ ಸೀಟು ಬೇರೆಯವರಿಗೆ ಹೋಗುತ್ತದೆ. ಅವ್ವನ ಸೀಟು ಹೋದರೆ, ರಾಜೇಶ್ವರಿ ದೂರದ ಮಿಲ್ಟನ್ ಊರಿನ ವೇರ್‌ಹೌಸಲ್ಲಿ ಶಿಫ್ಟು ಮುಗಿಸಿ ಬರುವತನಕ ಪರದೇಶದ ಈ ಮನೆಯಲ್ಲಿ ಅವ್ವ ಮತ್ತು ಒಲೆ, ಎರಡೇ. ಹೋದ ತಿಂಗಳು ಖಾಲಿ ಪಾತ್ರೆ ಕಾದು ಮನೆತುಂಬ ಹೊಗೆಯಾಡಿತ್ತು.

ಆದರೆ ಇವತ್ತು ಅವ್ವನ ಕೈ ನಡುಗಲೇ ಇಲ್ಲ. ಶುಂಠಿ ಜಜ್ಜಿದಳು, ಹಾಲು ಉಕ್ಕುವ ಮೊದಲೇ ಉರಿ ತಗ್ಗಿಸಿದಳು, ಹನಿ ಚೆಲ್ಲದೆ ಸೋಸಿ ಒಲೆ ಆರಿಸಿದಳು. “ಶಿ ಈಸ್ ಮ್ಯಾನೇಜಿಂಗ್ ಸೋ ವೆಲ್!” ಎಂದು ಕ್ಲೇರ್ ಟ್ಯಾಬ್ ಮೇಲೆ ಬೆರಳಾಡಿಸಿದಳು. ಒಂದು ಕಪ್ಪಾದರೂ ಬೀಳಬಾರದೇ ಎಂದು ಹಾರೈಸಿದ್ದಕ್ಕೆ ರಾಜೇಶ್ವರಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ದ್ಯಾಮವ್ವ ಮೊದಲ ಕಪ್ಪನ್ನು ಕ್ಲೇರ್‌ಗೆ ಕೊಟ್ಟಳು. ಎರಡನೆಯದನ್ನು ಮಗಳ ಮುಂದೆ ಹಿಡಿದಳು. ಮುಖದಲ್ಲಿ ಹೊಸಬರಿಗೆಂದೇ ಇಟ್ಟುಕೊಂಡ ನಗು.

“ನೀವೂ ತಗೋರಿ, ನಾಚ್ಕೋಬ್ಯಾಡ್ರಿ. ಯಾರ ಮನಿಯವ್ರು ನೀವು?”

“ವಾಟ್ ಡಿಡ್ ಶಿ ಸೇ?” ಕ್ಲೇರ್ ನಗುತ್ತ ಕೇಳಿದಳು.

ಅವ್ವ ಕೇಳಿದ್ದನ್ನು ಹೇಳಿದರೆ ಸೀಟು ಉಳಿಯುತ್ತಿತ್ತು. ರಾಜೇಶ್ವರಿ ಅದನ್ನು ಕ್ಲೇರ್‌ಗೆ ಹೇಳಲಿಲ್ಲ. ಮನೆಗೆ ಬಂದವಳ ಹಾಗೆ ಎರಡೂ ಕೈ ಚಾಚಿ ಕಪ್ಪು ತೆಗೆದುಕೊಂಡಳು.