ಬಾಗಿಲ ಬೆಲ್ ಆದರೆ

“ಬಾಗಿಲ ಬೆಲ್ ಆದರೆ, ಲೈಟ್ ಆಫ್. ಯಾರೂ ಮಾತಾಡಬಾರದು.” ತಾನು ಬರೆದದ್ದೇ ಕೋಡಿಂಗ್ ಕ್ಲಾಸಿನ ದೊಡ್ಡ ಸ್ಕ್ರೀನಿನಲ್ಲಿ ಮೂಡಿದ್ದೇ ತಡ, ಎಂಟು ವರ್ಷದ ಧನ್ವಿ ಅದನ್ನು ಅಳಿಸಲು ಕೀಬೋರ್ಡಿಗೆ ಕೈ ಹಾಕಿದಳು. ‘ಹೀಗಾದರೆ ಹೀಗೆ’ ಎಂದು ನಿಮ್ಮ ಮನೆಯದೇ ಒಂದು ನಿಯಮ ಬರೆಯಿರಿ ಎಂದಿದ್ದರು ಲೋಲಾಕ್ಷಿ ಮಿಸ್. ಯೋಚಿಸದೆ ಬರೆದುಬಿಟ್ಟಿದ್ದಳು.

ದುಬೈಯ ಅಲ್ ಕುಸೈಸಿನ ಒಂದೇ ಫ್ಲ್ಯಾಟಿನಲ್ಲಿ ಕಾನೂನು ತಪ್ಪಿಸಿ ಹಲಗೆ ಅಡ್ಡ ಹಾಕಿಕೊಂಡು ಮೂರು ಸಂಸಾರ ಇರುವುದು ಮುನ್ಸಿಪಾಲಿಟಿ ಚೆಕಿಂಗಿನವರಿಗೆ ಗೊತ್ತಾದರೆ ಖಲಾಸ್, ಶಾಲೆಯಲ್ಲಿ ಬಾಯಿ ಬಿಡಬೇಡ ಎಂದು ಅಮ್ಮ ಎಷ್ಟು ಸಲ ಹೇಳಿದ್ದಳು!

“ವೈ ಲೈಟ್ ಆಫ್, ಮಿಸ್?” ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು.

ಮಿಸ್ ಥಟ್ಟನೆ ಸ್ಕ್ರೀನ್ ಆರಿಸಿದರು. ಧನ್ವಿಯ ಪಕ್ಕ ಬಂದು ಬಗ್ಗಿದರು. “ನಮ್ಮ ಮನೆಯಲ್ಲಿ ಬೆಲ್ ಆದರೆ ನಾವು ಸ್ಟವ್ ಕೂಡ ಆಫ್ ಮಾಡ್ತೇವೆ ಪುಟ್ಟಾ,” ಅಂದರು ಪಿಸುದನಿಯಲ್ಲಿ. “ಮೀನಿನ ವಾಸನೆ ಹೊರಗೆ ಹೋಗ್ತದಲ್ವಾ?”