ಜೋಡಿ ಪದ

“‘ಯುವರ್ ವೈಫ್ ಈಸ್ ಡೈ’ ಅಲ್ಲಮ್ಮಾ,” ಎಂದರು ಇಂಗ್ಲಿಷ್ ಮೇಷ್ಟ್ರು. “‘ಪಾಸ್ಡ್ ಅವೇ’. ಪಾಸ್ಡ್ ಬಂತು ಅಂದ್ರೆ ಬೆನ್ನಹಿಂದೇನೇ ಅವೇ ಬರ್ಬೇಕು. ಡೀಪೆಸ್ಟ್ ಬಂತು ಅಂದ್ರೆ ಕಂಡೋಲೆನ್ಸಸ್. ಇವೆಲ್ಲ ಗಂಡ ಹೆಂಡ್ತಿ ಇದ್ದ ಹಾಗೆ, ಒಂದನ್ನ ಬಿಟ್ಟು ಇನ್ನೊಂದು ಇರಲ್ಲ.”

ನರ್ಸ್ ಪುಸ್ತಕದ ಅಂಚಿನಲ್ಲಿ ಬರೆದುಕೊಂಡಳು. ಹದಿನೆಂಟು ವರ್ಷ ವಾರ್ಡಿನಲ್ಲಿ ದುಡಿದವಳು. ಸೂಜಿ ಚುಚ್ಚಿದ್ದು ರೋಗಿಗೇ ತಿಳಿಯದಂಥ ಕೈ. ಆದರೆ ಹೊರದೇಶದ ಕೆಲಸಕ್ಕೆ ಬೇಕಾದ ಇಂಗ್ಲಿಷ್ ಮಾತಿನ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದಳು. ಎರಡು ಸಲವೂ ಮುಗ್ಗರಿಸಿದ್ದು ಒಂದೇ ಪ್ರಶ್ನೆಗೆ: ರೋಗಿಯ ಮನೆಯವರಿಗೆ ಸಾವಿನ ಸುದ್ದಿ ತಿಳಿಸಿ. ಮೂರನೆಯದು, ಕೊನೆಯದು, ನಾಡಿದ್ದು.

“ನಾನು ರೋಗಿಯ ಗಂಡ. ವರಾಂಡದಲ್ಲಿ ಕಾಯ್ತಾ ಇದ್ದೀನಿ. ಬಂದು ಹೇಳಿ ನೋಡೋಣ,” ಎಂದು ಮೇಷ್ಟ್ರು ಕೈಕಟ್ಟಿ ಕುಳಿತರು.

ಅವಳು ಬಾಗಿಲವರೆಗೆ ಹೋಗಿ ತಿರುಗಿ ಬಂದಳು. ಬಾಯಿಪಾಠ ಮಾಡಿದ್ದು ನೆನಪಿಗೆ ಬರಲಿಲ್ಲ. ಪುಸ್ತಕ ಮೇಜಿನ ಮೇಲಿಟ್ಟು, ಎದುರಿಗಿದ್ದ ಕುರ್ಚಿಯನ್ನು ಎಳೆದು ಅವರ ಪಕ್ಕಕ್ಕೆ ಹಾಕಿಕೊಂಡು ಕುಳಿತಳು. ದನಿ ತಗ್ಗಿಸಿ, ಅರೆಬರೆ ಇಂಗ್ಲಿಷಿನಲ್ಲೇ, ಜೊತೆಗೆ ಯಾರಾದರೂ ಬಂದಿದ್ದಾರಾ ಎಂದು ಕೇಳಿದಳು.

“ಇಲ್ಲ, ಒಬ್ನೇ,” ಎಂದರು ಮೇಷ್ಟ್ರು, ಇಂಗ್ಲಿಷ್ ಮರೆತು. ಆಮೇಲೆ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸತೊಡಗಿದರು. ಒರೆಸುತ್ತಲೇ ಇದ್ದರು.

“ತಪ್ಪಾಯ್ತಾ ಮೇಷ್ಟ್ರೇ?”

“ವ್ಯಾಕರಣ ತಪ್ಪು, ಇರ್ಲಿ ಬಿಡಿ. ಮೂರು ವರ್ಷದ ಹಿಂದೆ ನಮ್ಮನೆಯವಳನ್ನ ಆಪರೇಷನ್‌ಗೆ ಒಳಗೆ ಕರ್ಕೊಂಡು ಹೋದಾಗ್ಲೂ ನಾನು ಹೀಗೇ ಒಬ್ನೇ ಕೂತಿದ್ದೆ. ಒಬ್ಬ ಎಳೇ ಡಾಕ್ಟ್ರು ಬಂದ. ನಿಂತ್ಕೊಂಡೇ ‘ಪೇಷೆಂಟ್ ಈಸ್ ಎಕ್ಸ್‌ಪೈರ್’ ಅಂದ. ನಾನೇನ್ ಮಾಡ್ದೆ ಗೊತ್ತಾ? ‘ಹ್ಯಾಸ್ ಎಕ್ಸ್‌ಪೈರ್ಡ್ ಅನ್ಬೇಕಪ್ಪಾ’ ಅಂತ ತಿದ್ದಿದೆ. ಮೂವತ್ತೈದು ವರ್ಷ ಜೊತೆಗಿದ್ದವಳು ಒಳಗೆ ತಣ್ಣಗಾಗಿದ್ಲು, ನಾನು ಹೊರಗೆ ಕೂತು ತಪ್ಪು ತಿದ್ತಾ ಇದ್ದೆ. ಮಗಳಿಗೂ ಹೇಳಿಲ್ಲ ಇದನ್ನ.”

ನರ್ಸ್ ನಗಲಿಲ್ಲ, ಅಯ್ಯೋ ಎನ್ನಲೂ ಇಲ್ಲ.

“ಆ ಹೊತ್ತಲ್ಲಿ ಬಾಯಿಗೆ ಬರೋ ಮಾತು ನಮ್ದಲ್ಲ ಮೇಷ್ಟ್ರೇ. ಅಪ್ಪ ತೀರ್ಕೊಂಡ್ರು ಅಂದಿದ್ದಕ್ಕೆ ಒಬ್ರು, ಈ ಲಿಫ್ಟ್ ಯಾವಾಗ ರಿಪೇರಿ ಮಾಡಿಸ್ತೀರಾ ಅಂತ ನನ್ಮೇಲೆ ಜಗಳಕ್ಕೇ ನಿಂತ್ರು. ಮಗನ್ನ ಕಳ್ಕೊಂಡ ಒಬ್ರು ಅಜ್ಜಿ, ನಿಂದು ಊಟ ಆಯ್ತೇನಮ್ಮಾ ಅಂತ ಕೇಳಿದ್ರು. ಪ್ರೀತಿ ಇಲ್ದೆ ಅಲ್ಲ. ಕಿವಿಗೆ ಬಿದ್ದಿದ್ದು ಎದೆಗಿಳಿಯೋಕೆ ಹೊತ್ತು ಹಿಡಿಯುತ್ತೆ.”

ಮೇಷ್ಟ್ರು ಕನ್ನಡಕ ಹಾಕಿಕೊಂಡರು. ಮೇಜಿನ ಮೇಲಿನ ಪುಸ್ತಕವನ್ನು ಮುಚ್ಚಿ ಅವಳ ಕೈಗೆ ಕೊಟ್ಟರು.

“ನಾಡಿದ್ದು ಈಗ ಕೂತ ಹಾಗೇ ಪಕ್ಕದಲ್ಲಿ ಕೂತ್ಕೊಳ್ಳಿ. ‘ಶೀ ಡೈಡ್’, ಎರಡೇ ಪದ ಸಾಕು. ಅದನ್ನ ತಪ್ಪಿಲ್ದೆ ಹೇಳಿ.”

ಅವಳು ಚೀಲ ಹೆಗಲಿಗೇರಿಸಿ ಹೊರಟಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಕೇಳಿದಳು: “ನೀವು ತಿದ್ದಿದಾಗ ಆ ಡಾಕ್ಟ್ರು ಏನಂದ್ರು?”

“‘ಸಾರಿ ಸರ್’ ಅಂದ.” ಮೇಷ್ಟ್ರು ಅವಳು ಕೂತಿದ್ದ ಕುರ್ಚಿಯನ್ನು ಮೊದಲಿನ ಜಾಗಕ್ಕೆ ಸರಿಸಿದರು. “ಯಾವುದಕ್ಕೆ ಅಂದ ಅಂತ ಇವತ್ತಿಗೂ ತಿಳ್ದಿಲ್ಲ.”